ಶೇವಂತವ್ವ ಹೊಸೆದ ಬತ್ತಿ

ರಬಕವಿಯ ನಮ್ಮ ಓಣಿಯಲ್ಲಿ ಶೇವಂತವ್ವನ ಬಾಯಿಗೆ ಹೆದರದವರಿಲ್ಲ. ಸೀರೆಯ ಮೇಲೆ ಕೈ ಇಟ್ಟು ಆಕೆ ಒಂದು ಮಾತು ಹೇಳಿದರೆ ಮುಗಿಯಿತು, ಆಮೇಲೆ ಚೌಕಾಶಿ ಇಲ್ಲ. "ಪಕ್ಕಾ ಹತ್ತಿ ಐತಿ. ಒಲಿ ಮುಂದ ಉಟಗೊಂಡು ಕುಂದ್ರು, ಚಿಂತಿಲ್ಲ" ಎನ್ನುವುದು ಆ ಮಾತು. ಒಳಗೆ ಮಗ ಮಲ್ಲಿನಾಥ ಪವರ್‌ಲೂಮಿನಲ್ಲಿ ನೇಯುತ್ತಾನೆ, ಹೊರಗೆ ಕಟ್ಟೆಯ ಮೇಲೆ ಕೂತು ತಾಯಿ ಮಾರುತ್ತಾಳೆ. ಬನಹಟ್ಟಿಯ ದೊಡ್ಡ ಅಂಗಡಿಗಳನ್ನು ಬಿಟ್ಟು ಹೆಂಗಸರು ಇಲ್ಲಿಗೆ ಬರುತ್ತಿದ್ದದ್ದು ಸೀರೆಗಿಂತ ಹೆಚ್ಚಾಗಿ ಆ ಮಾತಿಗಾಗಿ.

ಹೋದ ವರ್ಷ ಆಕೆಗೆ ಲಕ್ವಾ ಹೊಡೆಯಿತು. ಬಲಗೈ ಮತ್ತೆ ಮೇಲೆದ್ದಿತು, ಬಾಯಿಯಂತೂ ಮೊದಲಿಗಿಂತ ಜೋರಾಯಿತು. ಆದರೆ ಬೆರಳ ತುದಿಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಅದನ್ನು ಆಕೆ ಯಾರಿಗೂ ಹೇಳಲಿಲ್ಲ. ನೂಲು ಮುಟ್ಟಿ ಗುರುತು ಹಿಡಿಯುವುದೇ ಬದುಕಾದವಳು ಹೇಗೆ ಹೇಳಿಯಾಳು?

ಅವರ ಮನೆಯಲ್ಲೊಂದು ರೂಢಿ. ಮಗ್ಗಕ್ಕೆ ಉದ್ದೆಳೆಯ ಹೊಸ ಹಾಸು ಏರಿಸಿದ ದಿನ ಮಗ್ಗದ ಮುಂದೆ ದೀಪ ಹಚ್ಚಬೇಕು, ಅದರ ಬತ್ತಿ ಹಿಂದಿನ ಹಾಸಿನಲ್ಲಿ ಉಳಿದ ನೂಲಿನ ತುಂಡುಗಳದೇ ಆಗಬೇಕು. ಅತ್ತೆ ಹಾಸಿಗೆ ಹಿಡಿದಿದ್ದಾಗ ಸೊಸೆ ಪೂರ್ಣಿಮಾ ಅಂಗಡಿಯ ಬತ್ತಿಯಲ್ಲೇ ಕೆಲಸ ಸಾಗಿಸಿದ್ದಳು. ಈ ಸಲ ಮುದುಕಿ ಬಿಡಲಿಲ್ಲ. ಗಾಜಿನ ಲೋಟಕ್ಕೆ ಮುಕ್ಕಾಲು ನೀರು ಹಾಕಿಸಿ, ಮೇಲೆ ಶೇಂಗಾ ಎಣ್ಣೆ ಬಿಟ್ಟಳು. ಎಣ್ಣೆ ತೀರಿದರೆ ನೀರೇ ದೀಪ ಆರಿಸುತ್ತದೆ. ನೂಲಿನ ಧೂಳು ಹಾರುವ ಮನೆಗೆ ಇಂಥ ದೀಪವೇ ಸರಿ. ಜೋಳದ ದಂಟಿನ ಬೆಂಡನ್ನು ಬಿಲ್ಲೆಯಾಗಿ ಕೊಯ್ದು, ಅದು ಸುಡದಂತೆ ತನ್ನ ಬಿ.ಪಿ. ಗುಳಿಗೆಯ ಬೆಳ್ಳಿ ಬಣ್ಣದ ಹಾಳೆ ಸುತ್ತಿ, ನಡುವೆ ದಬ್ಬಣದಿಂದ ತೂತು ಮಾಡಿದಳು. ಮಗ್ಗದ ಕೆಳಗಿನ ನೂಲು ಬಾಚಿಕೊಂಡು ತೊಡೆಯ ಮೇಲೆ ಹೊಸೆದು, ತೂತಿಗೆ ಪೋಣಿಸಿ ಎಣ್ಣೆಯಲ್ಲಿ ತೇಲಿಬಿಟ್ಟಳು.

"ಅತ್ತೀ, ಒಳಗ ಅಂಗಡಿ ಬತ್ತಿ ಐತ್ರೀ," ಎಂದಳು ಪೂರ್ಣಿಮಾ. ಅವಳ ದನಿ ಒಂದು ನಮೂನೆ ಇತ್ತು.

"ನೂಲಿನ ಮನ್ಯಾಗ ಬತ್ತಿ ಕೊಂಡು ತರ್ತಾರೇನ ಬೇ? ಸುಮ್ಮನಿರು."

ಕಡ್ಡಿ ಗೀರಿದಳು. ಬತ್ತಿ ಉರಿಯಲಿಲ್ಲ. ಮುದುಡಿತು, ಕರಿ ಹೊಗೆ ಬಿಟ್ಟು ಗುಂಡಗಾಯಿತು, ಆರಿತು. ನೀರು ತಾಗಿರಬೇಕೆಂದು ಇನ್ನೊಂದು ಹೊಸೆದಳು. ಅದೂ ಹಾಗೇ. ಪ್ಲಾಸ್ಟಿಕ್ ಸುಟ್ಟ ವಾಸನೆ ಪಕ್ಕದ ನಮ್ಮ ಮನೆಯ ತನಕ ಬಂತು. ನಾನು ಹೋಗಿ ನೋಡಿದರೆ, ಶೇವಂತವ್ವ ಬತ್ತಿಯ ತುದಿಯ ಕರಿ ಮಣಿಯನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದಳು.

"ಮಲ್ಲೂ, ಇದು ಹತ್ತಿ ಅಲ್ಲ."

ಮಲ್ಲಿನಾಥ ತಲೆ ಬಗ್ಗಿಸಿ ನಿಂತ. "ಪಾಲಿಸ್ಟರ್ ಐತಿ ಯವ್ವಾ. ನೀ ಬಿದ್ದಾಗಿಂದ ಅದನ್ನ ನೇಯಾಕತ್ತೇನಿ. ಹತ್ತಿ ನೂಲು ತಂದು ಪೂರೈಸೂದಿಲ್ಲ. ನಿನಗ ಹೇಳಿದ್ರ ನೀ ತಡ್ಕೊಳ್ತಿದ್ದಿಲ್ಲ."

"ನಾ ತಡ್ಕೊತಿದ್ನೋ! ಒಲಿ ಮುಂದ ಉಡ್ರಿ ಅಂತ ಮಂದಿಗೆ ಹೇಳಿ ಹೇಳಿ ಕೊಟ್ಟೇನಲ್ಲೋ!"

ಮಲ್ಲಿನಾಥನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಪಾಲಿಸ್ಟರ್ ನೇಯಲಿ, ಯಾರು ಬೇಡ ಅಂದರು? ಆದರೆ ತಾಯಿಯ ಬಾಯಿಂದ ಹತ್ತಿ ಅನ್ನಿಸಿ ಮಾರಿಸಬಾರದಿತ್ತು.

ಆಕೆಗೆ ಮೊದಲು ನೆನಪಾದದ್ದು ರಾಜೇಶ್ವರಿ. ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುವವಳು, ದಿನವೆಲ್ಲ ಕಟ್ಟಿಗೆ ಒಲೆಯ ಮುಂದೆ ಇರುವವಳು. ಆ ಸೀರೆಗೆ ಕಿಡಿ ತಾಗಿದರೆ ಬತ್ತಿಯ ಹಾಗೇ ಕರಗಿ ಮೈಗೆ ಅಂಟುತ್ತದೆ. ಶೇವಂತವ್ವ ಚಪ್ಪಲಿ ಕೂಡ ಮೆಟ್ಟದೆ ಹೊರಟಳು. ಎಲ್ಲಿ ಬೀಳುತ್ತಾಳೋ ಎಂದು ನಾನು ಹಿಂದೆಯೇ ಓಡಿದೆ.

ರಾಜೇಶ್ವರಿ ಮಾಸಿದ ಹಳೆಯ ಹತ್ತಿ ಸೀರೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಶೇವಂತವ್ವನಿಗೆ ಹೋದ ಜೀವ ಬಂದಂತಾಯಿತು.

"ನಾ ಕೊಟ್ಟ ಸೀರಿ ತಾ. ಅದು ಹತ್ತಿ ಅಲ್ಲ. ಒಲಿ ಮುಂದ ಉಡಬ್ಯಾಡ."

ರಾಜೇಶ್ವರಿ ಕೈಯ ಹಿಟ್ಟು ಒರೆಸಿಕೊಂಡಳು. "ಮೊದಲ ಸಲ ಒಗದಾಗ ಗೊತ್ತಾತು ಬೇ. ಟ್ರಂಕಿನ್ಯಾಗ ಇಟ್ಟೇನಿ."

"ಹಂಗಾದ್ರ ದೀಪಾವಳಿಗೆ ಇನ್ನೊಂದ್ಯಾಕ ಒಯ್ದಿ?"

"ನೀ ಬ್ಯಾನಿಯಿಂದ ಎದ್ದು ಬಂದು ಮತ್ತ ಕಟ್ಟಿ ಮ್ಯಾಲ ಕುಂತಿದ್ದಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಒಯ್ದವರಿಗೆಲ್ಲಾ ಗೊತ್ತೈತಿ, ಯಾರೂ ಅನ್ನಲಿಲ್ಲ."

ಶೇವಂತವ್ವ ಹೊಸ್ತಿಲ ಬಳಿ ಕೂತುಬಿಟ್ಟಳು. ಮಗನ ಮೋಸಕ್ಕೆ ಬಾರದ ಕಣ್ಣೀರು ಈಗ ಬಂತು. ತನ್ನ ಮಾತು ನಂಬಿ ಒಯ್ಯುತ್ತಾರೆ ಎಂದುಕೊಂಡಿದ್ದಳು. ಜನ ಆಕೆಯನ್ನು ನೋಡಿ ಅಯ್ಯೋ ಪಾಪ ಅಂತ ಒಯ್ಯುತ್ತಿದ್ದರು. ಆಕೆ ಬಲಗೈ ಚಾಚಿ, ಮುಟ್ಟಿದ್ದು ತಿಳಿಯದ ಬೆರಳುಗಳನ್ನು ನಮ್ಮಿಬ್ಬರಿಗೆ ತೋರಿಸಿದಳು.

"ಇವು ಸತ್ತಾವ," ಎಂದಳು. "ನಾ ಇನ್ನೂ ಸತ್ತಿಲ್ಲ. ಇನ್ನ ಮ್ಯಾಲ ನಾ ತಪ್ಪು ಹೇಳಿದ್ರ ಕಟ್ಟಿ ಮುಂದ ನಿಂತು ಜಗಳಾ ತಗಿ, ರಾಜೇಶ್ವರಿ. ಸುಮ್ಮನ ಸೀರಿ ಒಯ್ಯಬ್ಯಾಡ."