ಮುಂದಿನ ಮಾತು

ನನ್ನ ಗೆಳೆಯ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ನಾಟಕ ಕಂಪನಿಯಲ್ಲಿ ನಲವತ್ತು ವರ್ಷ ಪರದೆಯ ಮರೆಯಲ್ಲಿ ಕುಳಿತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ಹೇಳಿಕೊಡುವುದು ಅವನ ಕೆಲಸ. ಪ್ರೇಕ್ಷಕರಿಗೆ ಕೇಳಿಸಿದ ದಿನ ಕೆಲಸ ಬಿಡುತ್ತೇನೆ ಎನ್ನುತ್ತಿದ್ದ. ಬಿಡುವ ಪ್ರಸಂಗ ಬರಲಿಲ್ಲ.

ಮನೆಯಲ್ಲೂ ಆ ಚಾಳಿ ಹೋಗಲಿಲ್ಲ. “ಇವ್ರ ಜೊತೆ ಜಗಳ ಆಡೋದೂ ಕಷ್ಟ ಅಣ್ಣಾ,” ಎಂದು ಅವನ ಹೆಂಡತಿ ನನ್ನ ಹತ್ತಿರ ದೂರುತ್ತಿದ್ದರು. “ಬೈತಾ ಬೈತಾ ನಾನು ತಡವರಿಸಿದ್ರೆ ಮುಂದಿನ ಬೈಗುಳ ಇವ್ರೇ ಹೇಳಿಕೊಡ್ತಾರೆ.”

ಸೋಮವಾರ ಸಂಜೆ ಆಸ್ಪತ್ರೆಗೆ ಹೋದೆ. ಅವನಿಗೆ ಧೈರ್ಯ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕೈ ಹಿಡಿದು, “ನಾನಿದ್ದೀನಲ್ಲ, ನೀನೇನೂ...” ಎಂದು ತಡವರಿಸಿದೆ.

ಅವನು ಕಣ್ಣು ತೆರೆಯಲಿಲ್ಲ. ಪಕ್ಕದ ಮಂಚದವರಿಗೆ ಕೇಳಿಸದಷ್ಟು ಮೆಲ್ಲಗೆ, “ಹೆದರಬೇಡ” ಎಂದು ಹೇಳಿಕೊಟ್ಟ.