ನಾನು ರೈತನಾದ ಫೋಟೋ

ಬೆಳಿಗ್ಗೆ ಬಾಲ್ಕನಿಯ ದೊಡ್ಡಪತ್ರೆಗೆ ನೀರು ಹಾಕುತ್ತಿದ್ದಾಗ ಫೋನಿಗೆ ಸಂದೇಶ ಬಂತು: 'ಆತ್ಮೀಯ ರೈತರೇ, ನಿಮ್ಮ ಬೆಳೆಯ ವಿವರ ದಾಖಲಿಸಿ.' ಆ ರೈತ ನಾನೇ. ನಂಬುವುದು ನಿಮಗೆ ಕಷ್ಟವಾದೀತು. ದೊಡ್ಡಪತ್ರೆಯೂ ನಂಬಿದಂತೆ ಕಾಣಲಿಲ್ಲ, ಅದು ಒಣಗಿ ವಾರವಾಗಿತ್ತು.

ದಾವಣಗೆರೆಯಿಂದ ಬಂದು ವೈಟ್‌ಫೀಲ್ಡಿನ ಒಂಬತ್ತನೇ ಮಹಡಿಯಲ್ಲಿ ನೆಲೆಸಿದ ನಾನು, ಮುಂದೆ ಒಳ್ಳೆಯ ಬೆಲೆ ಬರುತ್ತದೆಂದು ಸರ್ಜಾಪುರದ ಆಚೆ ಒಂದೆಕರೆ ಕೊಂಡಿದ್ದೆ. ಅದರಲ್ಲಿ ಬೆಳೆಯುತ್ತಿದ್ದವರು ಪಕ್ಕದ ಹಳ್ಳಿಯ ಪಿಳ್ಳಮ್ಮ. ಹಬ್ಬಕ್ಕೊಂದು ಚೀಲ ಸೇವಂತಿಗೆ ಕಳಿಸುತ್ತಿದ್ದರು. ನನ್ನ ಹೆಂಡತಿ ಅದನ್ನು 'ನಮ್ಮ ತೋಟದ ಹೂವು' ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹಂಚುತ್ತಿದ್ದಳು.

ಮೂರು ವರ್ಷದ ಹಿಂದೆ ಒಂದು ಸಂಜೆ ಆಲಿಕಲ್ಲು ಬಿತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಡೆದ ಕಾರಿನ ಗಾಜುಗಳಿಗೆ ಸಂತಾಪ ನಡೆದಿರುವಾಗ ಪಿಳ್ಳಮ್ಮನ ಫೋನು.

"ಊವೆಲ್ಲ ಓಯ್ತು ಸಾರ್. ಪರಿಹಾರಕ್ಕೆ ಬರ್ಕೊಳೋಕೆ ಬತ್ತಾರಂತೆ. ಜಮೀನಿನ ಪಾಣಿ ನಿಮ್ಮೆಸರಲ್ಲೈತಲ್ಲ, ನೀವೇ ಬರ್ಬೇಕಂತೆ."

ಹೋದೆ. ಗಿಡಗಳೆಲ್ಲ ಕೆಸರಿಗೆ ಮುಖ ಹಾಕಿ ಮಲಗಿದ್ದವು. ಸರ್ವೆಗೆ ಬಂದಿದ್ದ ಅಧಿಕಾರಿ ಫೋನು ಎತ್ತಿ ಹಿಡಿದು, "ಅಮ್ಮ, ನೀವು ಸ್ವಲ್ಪ ಆ ಕಡೆ ಹೋಗಿ. ಫೋಟೋದಲ್ಲಿ ರೈತರೊಬ್ರೇ ಇರ್ಬೇಕು," ಎಂದರು. ಪಿಳ್ಳಮ್ಮ ಬದುವಿನ ಮೇಲೆ ಹೋಗಿ ನಿಂತರು. ನಾನು ಬಿಳಿ ಶೂ ಕೆಸರಾಗದಂತೆ ಒಂದು ಕಲ್ಲು ಹುಡುಕಿ ಅದರ ಮೇಲೆ ನಿಂತು, ಅಭ್ಯಾಸಬಲದಿಂದ ಮುಗುಳ್ನಕ್ಕೆ.

"ನಗಬೇಡಿ ಸಾರ್. ಬೆಳೆ ಹೋಗಿದೆ ನಿಮ್ದು."

ನಾಟಿ ಮಾಡಿ ಎಷ್ಟು ದಿನವಾಯಿತೆಂದು ಕೇಳಿದರು. ನಾನು ಬದುವಿನ ಕಡೆ ನೋಡಿದೆ. "ಎಪ್ಪತ್ತು ದಿನ," ಎಂದರು ಪಿಳ್ಳಮ್ಮ. "ಎಪ್ಪತ್ತು," ಎಂದೆ ನಾನು, ಅನುಭವಿ ರೈತನ ಗಾಂಭೀರ್ಯದಿಂದ.

ಪರಿಹಾರ ನನ್ನ ಖಾತೆಗೇ ಬಂತು. ಅಷ್ಟನ್ನೂ ಲಕೋಟೆಗೆ ಹಾಕಿಕೊಂಡು, ನನ್ನ ದೊಡ್ಡತನಕ್ಕೆ ನಾನೇ ಕರಗುತ್ತ ಕೊಡಲು ಹೋದೆ. ಪಿಳ್ಳಮ್ಮ ಲಕೋಟೆ ತೆಗೆದುಕೊಂಡರು, ಕರಗಲಿಲ್ಲ.

"ದುಡ್ಡು ಸರಿ ಸಾರ್. ಇಲ್ಲಿ ಬೆಳೆಯೋಳು ನಾನು ಅಂತ ಒಂದು ಚೀಟಿ ಬರ್ಕೊಡಿ. ಇನ್ನೊಂದು ಸಲ ಯಾರಾನ ಬಂದ್ರೆ ತೋರಿಸ್ತೀನಿ."

"ನೋಡೋಣಮ್ಮ," ಎಂದೆ.

ಬರೆದುಕೊಟ್ಟರೆ ಜಮೀನೇ ಕೈತಪ್ಪೀತು ಎಂದು ನಮ್ಮ ಮಹಡಿಯ ವಕೀಲರು ಹೇಳಿದರು. ಹೆದರಲು ನಾನು ತಯಾರಾಗಿಯೇ ಇದ್ದೆ. ಮುಂದಿನ ಬೆಳೆಗೆ ಪಿಳ್ಳಮ್ಮ ಬರಲಿಲ್ಲ. ಪಾರ್ಥೇನಿಯಂ ಕಳೆ ಬಂತು, ಅದು ಯಾವ ಚೀಟಿಯನ್ನೂ ಕೇಳಲಿಲ್ಲ.

ಹೀಗಾಗಿ ಈ ಬೆಳಿಗ್ಗೆ ಯಾವ ಬೆಳೆಯನ್ನು ದಾಖಲಿಸುವುದೆಂದು ತೋಚದೆ ಬಹಳ ಹೊತ್ತು ಕೂತಿದ್ದೆ. ಆಮೇಲೆ ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಸಹಿ ಹಾಕಿ, ಸರ್ಜಾಪುರಕ್ಕೆ ಹೋದೆ. ಪಿಳ್ಳಮ್ಮ ಈಗ ಅಲ್ಲಿ ಬಸ್ ಸ್ಟಾಂಡಿನ ಹತ್ತಿರ, ಬೇರೆಯವರು ಬೆಳೆದ ಹೂವು ಮಾರುತ್ತಾರೆ. ಅಂದು ಕೇಳಿದ್ದ ಚೀಟಿ ಎಂದು ಹೇಳಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದರು. ಅವರಿಗೆ ಓದಲು ಬರುವುದಿಲ್ಲ.

"ಇದ್ರಲ್ಲಿ ನನ್ನೆಸರು ಎಲ್ಲೈತೆ?"

ತೋರಿಸಿದೆ. ಅದರ ಮೇಲೆ ಬೆರಳಿಟ್ಟರು.

"ಮನೇಲಿ ಕೇಳಿದ್ರಾ ಸಾರ್?"

"ಇನ್ನೂ ಇಲ್ಲ."

ಅವರು ಹಾಳೆಯನ್ನು ಬೇಗಬೇಗ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೂವಿನ ಬುಟ್ಟಿ ಎತ್ತಿದರು. "ಅಂಗಾದ್ರೆ ನಾನು ಊರು ಸೇರ್ಕಳೋಗಂಟ ಮನೇಲಿ ಏಳ್ಬೇಡಿ."

ಹೇಳಿಲ್ಲ. ಮೊದಲು ನಿಮಗೇ ಹೇಳುತ್ತಿದ್ದೇನೆ.