ಅಜ್ಜಿ ಕೈಮುಗಿದು ಕೇಳಿದ ರಾಕ್ ಆಲ್ಬಮ್

ಮುಂಬಯಿಯ ಸಮಸ್ತ ಕನ್ನಡಿಗರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಘಾಟ್ಕೋಪರಿನ ನಮ್ಮ ಅಡುಗೆಮನೆಯಲ್ಲಿ ನನ್ನ ಮೊಬೈಲು ತಾನಾಗಿಯೇ ಒಂದು ಹಳೆಯ ರಾಕ್ ಆಲ್ಬಮ್ ಹಾಡತೊಡಗಿದೆ.

ನಾನು ಚಿಕ್ಕವಳಿದ್ದಾಗ ಇದೇ ಆಲ್ಬಮ್ಮಿನ ಕ್ಯಾಸೆಟ್ಟನ್ನು, ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ ಮಾವ ಒಂದು ಸಂಜೆ ಮನೆಯಲ್ಲಿ ಹಾಕಿ, ಹಾಲು ತರಲು ಕೆಳಗಿಳಿದಿದ್ದರು. ಮೊದಲು ಕೊಳಲು ಕೇಳಿಸಿತು. ಆಮೇಲೆ ಸ್ಕಾಟ್ಲೆಂಡಿನವರ ಚೀಲದ ವಾದ್ಯ ಗುಂಯ್ ಎಂದಿತು, ಅದರ ಬೆನ್ನಿಗೇ ಡ್ರಮ್ಮು. ಹೆದರಿ ಟೇಪ್ ಆರಿಸಲು ಓಡಿದ ನನ್ನ ಕೈಯನ್ನು ಉಡುಪಿಯಿಂದ ಬಂದಿದ್ದ ಅಜ್ಜಿ ಹಿಡಿದರು.

"ನಡುವಲ್ಲಿ ನಿಲ್ಲಿಸ್ಲಿಕ್ಕಿಲ್ಲ ಮಗಾ. ನಮ್ಮ ಭೂತಕೋಲದಲ್ಲಿ ಹೀಗೇ ಬಾರಿಸ್ತಾರೆ. ಇದು ದೈವ ಮೈಮೇಲೆ ಬರುವ ಹೊತ್ತು."

"ಯಾರ ಮೈಮೇಲೆ ಅಜ್ಜಿ?"

ಅಜ್ಜಿ ಕೋಣೆಯನ್ನು ಒಮ್ಮೆ ನೋಡಿದರು. "ಇಲ್ಲಿ ಇರುವುದು ನಾವಿಬ್ಬರೇ. ನನಗೆ ಮೊಣಕಾಲು ನೋವು, ಕುಣಿಲಿಕ್ಕೆ ಆಗುದಿಲ್ಲ."

ಅಜ್ಜಿ ಕೈಮುಗಿದರು, ನಾನೂ ಕೈಮುಗಿದು ನಿಂತೆ. ಹಾಡು ತಗ್ಗಿದಾಗ ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಪಿಟೀಲು ಲಯ ಬದಲಿಸಿ ಇನ್ನೂ ಜೋರಾಗಿ ಎದ್ದಿತು, ನನ್ನ ಕಾಲು ನಡುಗತೊಡಗಿತು. ಅಜ್ಜಿ ಅದನ್ನು ಗಮನಿಸಿ ಅರ್ಧ ಹೆಜ್ಜೆ ಹಿಂದೆ ಸರಿದರು.

ಹಾಲಿನೊಂದಿಗೆ ಮರಳಿದ ಮಾವನನ್ನು ಮೆಲ್ಲಗೆ ಕೇಳಿದರು, "ಇದು ಯಾವ ಊರಿನದ್ದು?"

"ಸ್ಕಾಟ್ಲೆಂಡಿನದ್ದಮ್ಮ."

"ಹಾಗಾದ್ರೆ ಈ ದೈವಕ್ಕೆ ತುಳು ಬರ್ಲಿಕ್ಕಿಲ್ಲ. ಏನಾದ್ರೂ ಕೇಳಿದ್ರೆ ನೀನೇ ಇಂಗ್ಲಿಷಲ್ಲಿ ಮಾತಾಡು."

ಈಗ ಕೇಳಿದರೆ ಎಂಥ ಚಂದದ ಸಂಗೀತ. ಕೊಳಲು ಒಂದು ಹಳ್ಳಿಯ ಹಾಡನ್ನು ಹೇಳುತ್ತದೆ, ಗಿಟಾರು ಅದರೊಡನೆ ಜಗಳಕ್ಕೆ ನಿಲ್ಲುತ್ತದೆ, ಕೊನೆಗೆ ಇಬ್ಬರೂ ಒಟ್ಟಿಗೆ ಓಡುತ್ತಾರೆ. ಆದರೂ ನಡುವೆ ನಿಲ್ಲಿಸಲು ನನಗೆ ಧೈರ್ಯವಿಲ್ಲ, ಮನೆಯಲ್ಲಿ ಇಂದು ನಾನೊಬ್ಬಳೇ ಇದ್ದೇನೆ. ಹತ್ತಿರದ ಬಿಲ್ಡಿಂಗಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಆಲ್ಬಮ್ ಮುಗಿಯುವವರೆಗೆ ಬಂದು ಜೊತೆಗೆ ಕೂತಿರಿ. ಬಾಗಿಲಿಗೆ ಚಿಲಕ ಹಾಕಿಲ್ಲ.